ಗಿಟುಕು ಎತ್ತದ ಕೈ

ನಮ್ಮ ಲ್ಯಾಬ್ ಮೇಷ್ಟ್ರ ಮುಂದಿನ ಹಲ್ಲೊಂದರ ತುದಿಯಲ್ಲಿ ಸಣ್ಣದೊಂದು ಕಚ್ಚು ಇತ್ತು, ಒಂದು ತಂತಿ ಸರಿಯಾಗಿ ಕೂರುವಷ್ಟು. ಇಪ್ಪತ್ತು ವರ್ಷ ವೈರಿನ ಪ್ಲಾಸ್ಟಿಕ್ ಸಿಪ್ಪೆಯನ್ನು ಹಲ್ಲಿನಲ್ಲೇ ಕಚ್ಚಿ ಸುಲಿದು ಆದ ಕಚ್ಚು. ಲ್ಯಾಬಿನ ಕಪಾಟಿನಲ್ಲಿ ಸಿಪ್ಪೆ ಸುಲಿಯುವ ಸ್ಟ್ರಿಪ್ಪರ್ ಎಂಬ ಉಪಕರಣ ಮೂರು ಇದ್ದವು. "ಅವು ಹುಡುಗ್ರಿಗೆ ಸರ್, ನಂದು ಬಾಯಲ್ಲೇ ಐತೆ" ಎನ್ನುತ್ತಿದ್ದರು. ಅದು ಮೇಲಿನ ಹಲ್ಲೋ ಕೆಳಗಿನದೋ? ಮೇಲಿನದು ಎಂದು ಬರೆಯಹೊರಟು ಕೈ ತಡೆದೆ. ನನಗೆ ಖಚಿತವಿಲ್ಲ.

ನಾನು ಎಂ.ಟೆಕ್ ಮುಗಿಸಿ ನಮ್ಮ ಕಾಲೇಜಿಗೆ ಉಪನ್ಯಾಸಕನಾಗಿ ಸೇರಿದಾಗ ಅವರು ಎಲೆಕ್ಟ್ರಾನಿಕ್ಸ್ ಲ್ಯಾಬಿನ ಇನ್‌ಸ್ಟ್ರಕ್ಟರ್. ಐಟಿಐ ಓದಿದವರು. ಎಲ್ಲರಿಗೂ ಲ್ಯಾಬ್ ಮೇಷ್ಟ್ರು. ನಾನು ಕುಣಿಗಲ್ಲಿನಿಂದ ಬಸ್ಸಿನಲ್ಲಿ ತುಮಕೂರಿಗೆ ಬರುತ್ತಿದ್ದೆ, ಅವರು ಗುಬ್ಬಿಯಿಂದ ರೈಲಿನಲ್ಲಿ. ನಾನು ಬರುವ ಹೊತ್ತಿಗೆ ಅವರು ಎಲ್ಲ ಟೇಬಲ್ಲುಗಳನ್ನೂ ಒಂದು ಸುತ್ತು ಹಾಕಿ ಮುಗಿಸಿರುತ್ತಿದ್ದರು. ಯಾವ ಸರ್ಕ್ಯೂಟ್ ಕೆಟ್ಟರೂ ಮೊದಲು ಬೆರಳ ಹಿಂಬದಿಯಿಂದ ಮುಟ್ಟುವರು. "ಮೀಟ್ರು ಆಮೇಲೆ ಸರ್, ಮೊದ್ಲು ಮುಟ್ ನೋಡಿ." ನನಗೆ ಅದು ಹಳ್ಳಿ ವೈದ್ಯದಂತೆ ಕಾಣುತ್ತಿತ್ತು. ಅಳತೆ ಇಲ್ಲದ ಜ್ಞಾನವನ್ನು ನಾನು ನಂಬುತ್ತಿರಲಿಲ್ಲ.

ಒಂದು ವರ್ಷ ಕೊನೆಯ ಸೆಮಿಸ್ಟರಿನವರು ಕೊಬ್ಬರಿ ವಿಂಗಡಿಸುವ ಯಂತ್ರದ ಕೈ ಮಾಡಿದರು. ಅದು ಗಿಟುಕನ್ನು, ಅಂದರೆ ಒಣಗಿದ ಉಂಡೆ ಕೊಬ್ಬರಿಯನ್ನು, ಹಿಡಿದೆತ್ತಿ, ದಪ್ಪದ್ದನ್ನು ಒಂದು ಬುಟ್ಟಿಗೆ, ಸಣ್ಣದನ್ನು ಇನ್ನೊಂದಕ್ಕೆ ಹಾಕಬೇಕು. ಕೀಲುಗಳಲ್ಲಿ ಬೆಂಕಿಪೊಟ್ಟಣದಷ್ಟಿದ್ದ ಐದು ಸರ್ವೋ ಮೋಟಾರು. ಒಂದೊಂದಕ್ಕೂ ಮೂರು ತಂತಿ: ಕೆಂಪು ಕರೆಂಟಿಗೆ, ಕಂದು ಗ್ರೌಂಡಿಗೆ, ಕಿತ್ತಳೆ ಬಣ್ಣದ್ದು ಎಷ್ಟು ತಿರುಗಬೇಕೆಂಬ ಆಜ್ಞೆಗೆ. ಆಜ್ಞೆ ಕೊಡುವುದು ಅಂಗೈಯಷ್ಟಗಲದ ಮೈಕ್ರೋಕಂಟ್ರೋಲರ್ ಬೋರ್ಡು. ಅದರಲ್ಲಿ ಐದು ವೋಲ್ಟಿನದೊಂದು ಪಿನ್ ಇರುತ್ತದೆ. ಸಣ್ಣ ಸರ್ವೋ ಒಂದನ್ನು ಅದರಿಂದ ಓಡಿಸಿದರೆ ಹೇಗೋ ಓಡುತ್ತದೆ. ಒಂದು ಓಡಿದ್ದನ್ನು ನೋಡಿ ಹುಡುಗರು ಐದನ್ನೂ ಅಲ್ಲಿಗೇ ಸಿಕ್ಕಿಸಿದ್ದರು. ಗಿಟುಕು ಹಿಡಿದ ಕೈ ಅರ್ಧ ಎದ್ದು ನಡುಗುತ್ತಿತ್ತು. ಬೋರ್ಡಿನ ದೀಪ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಕೈ ದಪ್ಪನೆ ಬಿದ್ದು ಮೊದಲಿನಿಂದ ಶುರು. ನಾನು ಎರಡು ದಿನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದೆ.

ಮೂರನೆಯ ದಿನ ಮೇಷ್ಟ್ರು ಬಂದು ಬೋರ್ಡನ್ನು ಬೆರಳಿನಿಂದ ಮುಟ್ಟಿದರು. "ಏನ್ಲಾ ಇದು, ಕಾವ್ಲಿ ಆಗೈತೆ. ದೋಸೆ ಹುಯ್ಕಂಡಿದ್ಯಾ?" ಎಂದು ಮುಂದಿದ್ದ ಹುಡುಗನನ್ನು ಕೇಳಿದರು.

"ಐದೇ ವೋಲ್ಟ್ ಸರ್ ಕೊಟ್ಟಿರೋದು."

"ವೋಲ್ಟ್ ಸರಿ ಕಣೋ, ಅಷ್ಟು ಕರೆಂಟ್ ಎಲ್ಲಿಂದ ತರ್ತಾನೆ ಅವ್ನು? ಈ ಬೋರ್ಡು ಮೇಸ್ತ್ರಿ ಇದ್ದಂಗೆ. ಯಾವ ಕಲ್ಲು ಎಲ್ಲಿಗೆ ಅಂತ ಹೇಳ್ತಾನೆ, ಅಷ್ಟೆ. ನೀನು ಕಲ್ಲೂ ಅವ್ನ ತಲೆ ಮೇಲೇ ಹೊರುಸ್ತಾ ಇದೀಯ."

ಹುಡುಗರು ನಕ್ಕರು. ನಾನೂ ನಕ್ಕೆನೆಂದು ಕಾಣುತ್ತದೆ. ಮೇಷ್ಟ್ರು ಗುಜರಿಗೆ ಹೋಗಬೇಕಿದ್ದ ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬವನ್ನು ಬಿಚ್ಚಿ ತಂದು, ಐದೂ ಮೋಟಾರಿಗೆ ಅದರಿಂದ ದಪ್ಪ ತಂತಿ ಎಳೆದರು. ಕೊನೆಗೆ ಒಂದು ಕಪ್ಪು ತಂತಿಯಿಂದ ಡಬ್ಬದ ಗ್ರೌಂಡನ್ನೂ ಬೋರ್ಡಿನ ಗ್ರೌಂಡನ್ನೂ ಸೇರಿಸಿದರು. "ಇದೊಂದ್ ಮರೀಬ್ಯಾಡ್ರಿ. ಇದಿಲ್ದಿದ್ರೆ ಅವ್ನು ಹೇಳಿದ್ದು ಇವ್ನಿಗೆ ಕೇಳ್ಸಲ್ಲ." ಕೈ ಗಿಟುಕನ್ನು ಎತ್ತಿತು. ಎತ್ತಿ, ಬುಟ್ಟಿಯ ಮೇಲೆ ಒಂದು ಕ್ಷಣ ನಿಂತು, ಬಿಟ್ಟಿತು.

ಆಗ ಅವರ ನೌಕರಿ ಗುತ್ತಿಗೆಯದು. ಪ್ರತಿ ವರ್ಷ ಹೊಸ ಆದೇಶ ಬರಬೇಕಿತ್ತು. ಆ ವರ್ಷ ಕಾಯಂ ಮಾಡುವವರ ಪಟ್ಟಿಯಲ್ಲಿ ಅವರ ಹೆಸರಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಅವರೇ ಒಮ್ಮೆ ನಾಚಿಕೊಂಡು ಹೇಳಿದ್ದರು: "ಆರ್ಡರ್ ಬರ್ಲಿ ಸರ್, ಆಮೇಲೆ ಒಂದ್ ಸ್ಟ್ರಿಪ್ಪರ್ ತಗತೀನಿ."

ಕಾಲೇಜಿನ ಮಾನ್ಯತೆಗಾಗಿ ತಪಾಸಣಾ ಸಮಿತಿ ಬರುವ ದಿನ ಬೆಳಗ್ಗೆ ಮೇಷ್ಟ್ರನ್ನು ಸಭಾಂಗಣದಲ್ಲಿ ಕುರ್ಚಿ ಹಾಕಿಸಲು ಕಳಿಸಿದ್ದರು. ಲ್ಯಾಬಿನಲ್ಲಿ ನಾನೊಬ್ಬನೇ. ಅವರ ಡಬ್ಬ ತುಕ್ಕು ಹಿಡಿದಿತ್ತು, ಫ್ಯಾನು ಗೊರಗುಟ್ಟುತ್ತಿತ್ತು, ತಂತಿಗಳಿಗೆಲ್ಲ ಟೇಪು ಸುತ್ತಿತ್ತು. ಸಮಿತಿಯ ಮುಂದೆ ಇದನ್ನಿಡುವುದೇ ಎನ್ನಿಸಿತು. ಐದು ವೋಲ್ಟ್ ಅಂದರೆ ಐದು ವೋಲ್ಟ್, ಪ್ರೋಗ್ರಾಮನ್ನಂತೂ ಸರಿಪಡಿಸಿದ್ದೇನೆ ಎಂದುಕೊಂಡು ಡಬ್ಬವನ್ನು ಕಪಾಟಿಗೆ ಸೇರಿಸಿ, ಐದೂ ಮೋಟಾರಿನ ಕೆಂಪು, ಕಂದು ತಂತಿಗಳನ್ನು ಮತ್ತೆ ಬೋರ್ಡಿಗೆ ಸಿಕ್ಕಿಸಿದೆ. ಖಾಲಿ ಕೈಯನ್ನು ಎರಡು ಸಲ ಆಡಿಸಿದೆ. ಚೆನ್ನಾಗಿ ಆಡಿತು. ಗಿಟುಕು ಇಟ್ಟು ನೋಡಲಿಲ್ಲ.

ಮಧ್ಯಾಹ್ನ ಸಮಿತಿಯ ಐದು ಜನ, ಪ್ರಿನ್ಸಿಪಾಲರು, ಹುಡುಗರು, ಸಭಾಂಗಣದಿಂದ ಆಗಷ್ಟೇ ಬಂದ ಮೇಷ್ಟ್ರು ಸುತ್ತ ನಿಂತಿದ್ದಾಗ ಕೈ ಗಿಟುಕನ್ನು ಹಿಡಿಯಿತು, ನಡುಗಿತು, ಬಿತ್ತು. ಮತ್ತೆ ಎದ್ದಿತು, ಬಿತ್ತು. ಬೋರ್ಡಿನಿಂದ ಸುಟ್ಟ ವಾಸನೆ ಬಂತು. ಗಿಟುಕು ಉರುಳಿ ಸಮಿತಿಯವರೊಬ್ಬರ ಬೂಟಿಗೆ ತಾಗಿತು. "ಯಾರ್ರೀ ವೈರಿಂಗ್ ಮಾಡಿದ್ದು?" ಎಂದರು ಪ್ರಿನ್ಸಿಪಾಲರು.

ಇಲ್ಲಿಂದ ಮುಂದಿನದು ಬಹಳ ವರ್ಷ ನನ್ನ ನೆನಪಿನಲ್ಲಿ ಹೀಗಿತ್ತು. ನಾನು ಸುಮ್ಮನೆ ನಿಂತೆ. ಮೇಷ್ಟ್ರು ಬಾಗಿ, ಕೆಂಪು ತಂತಿಗಳು ಎಲ್ಲಿವೆ ಎಂದು ನೋಡಿ, ನನ್ನತ್ತ ಒಮ್ಮೆ ಕಣ್ಣೆತ್ತಿ, "ನಾನ್ ನೋಡ್ತೀನಿ ಸರ್" ಎಂದರು. ತಪ್ಪನ್ನು ತಾವಾಗಿ ಮೈಮೇಲೆ ಎಳೆದುಕೊಂಡರು. ಆ ಬೇಸಿಗೆಯಲ್ಲಿ ಅವರಿಗೆ ಕಾಯಂ ಆದೇಶವೂ ಬರಲಿಲ್ಲ, ಗುತ್ತಿಗೆಯದೂ ಬರಲಿಲ್ಲ. ಅವರು ಗುಬ್ಬಿಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಅಂಗಡಿ ಇಟ್ಟರು.

ಎರಡು ವರ್ಷದ ಮೇಲೆ ಗುಬ್ಬಿಗೆ ಮದುವೆಗೆಂದು ಹೋದಾಗ ಆ ಅಂಗಡಿಯ ಮುಂದೆ ಸಿಕ್ಕಿಬಿದ್ದೆ. ಅವರೇ ಕರೆದರು. ಸ್ಟೂಲು ಒರೆಸಿ ಕೂರಿಸಿ, ಎದುರು ಹೋಟೆಲಿನಿಂದ ಕಾಫಿ ತರಿಸಿದರು.

"ಆ ಕೈ ಈಗ ಗಿಟುಕು ಎತ್ತುತ್ತಾ ಸರ್?"

"ಎತ್ತುತ್ತೆ."

"ಬೇರೆ ಸಪ್ಲೈ ಕೊಟ್ರಾ?"

"ಕೊಟ್ವಿ."

"ಹಂಗಾದ್ರೆ ಸರಿ ಬುಡಿ" ಎಂದು ಮಿಕ್ಸಿಯ ತಳ ಬಿಚ್ಚತೊಡಗಿದರು. ಹೇಳುವುದಿದ್ದರೆ ಆಗ ಹೇಳಬೇಕಿತ್ತು. ಕಾಫಿ ಬಿಸಿ ಇದೆ ಎಂದೇನೋ ಅಂದೆ. ಲೋಟ ಕೆಳಗಿಟ್ಟು ಎದ್ದು ಬಂದೆ.

ಹೋದ ವರ್ಷ ಹೃದಯಾಘಾತದಲ್ಲಿ ಅವರು ತೀರಿಕೊಂಡರು. ಸುದ್ದಿ ಬಂದ ದಿನ ಆ ಕೈ ಮಾಡಿದ ತಂಡದ ಹುಡುಗಿಯೊಬ್ಬಳು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಹಾಕಿದಳು. ತಪಾಸಣೆಯ ದಿನ ಅವಳು ಫೋನಿನಲ್ಲಿ ಹಿಡಿದದ್ದು. "ಇದರಲ್ಲಿ ಲ್ಯಾಬ್ ಸರ್ ಇದ್ದಾರೆ" ಎಂದಷ್ಟೇ ಬರೆದಿದ್ದಳು. ನನ್ನ ನೆನಪಿನಲ್ಲಿ ಅವರು ಕಂದು ಸ್ವೆಟರಿನಲ್ಲಿದ್ದರು. ವಿಡಿಯೋದಲ್ಲಿ ನೀಲಿ ಅಂಗಿ. ಕೈ ಬೀಳುತ್ತದೆ. ಪ್ರಿನ್ಸಿಪಾಲರ ದನಿ ಕೇಳುತ್ತದೆ. ಅದರ ಬೆನ್ನಿಗೇ ನನ್ನ ದನಿ, ಸ್ಪಷ್ಟವಾಗಿ: "ವೈರಿಂಗ್ ಎಲ್ಲ ಇವರೇ ಸರ್ ನೋಡ್ಕೊಳ್ಳೋದು." ಆಮೇಲೆಯೇ ಅವರು ಬಾಗಿ, ತಂತಿಗಳನ್ನು ನೋಡಿ, "ನೋಡ್ತೀನಿ ಸರ್" ಎನ್ನುವುದು. ನನ್ನತ್ತ ಕಣ್ಣೆತ್ತುವುದೇ ಇಲ್ಲ.

ನಾನು ಅದನ್ನು ಎಷ್ಟು ಸಲ ನೋಡಿದೆನೋ. ಅವರನ್ನು ತ್ಯಾಗಿಯನ್ನಾಗಿ ಮಾಡಿ ಮನಸ್ಸಿನಲ್ಲಿ ಪೂಜಿಸಿಕೊಂಡು ಬಂದಿದ್ದೆ. ಆ ಪೂಜೆಯ ಮರೆಯಲ್ಲಿ ನನ್ನದೊಂದು ವಾಕ್ಯ ಆರಾಮವಾಗಿ ಮಾಯವಾಗಿತ್ತು. ಊರವರ ಮಾತಿಗೆಲ್ಲ ಪುರಾವೆ ಕೇಳುತ್ತಿದ್ದ ನಾನು ನನ್ನ ಮಾತಿಗೆ ಕೇಳಿರಲಿಲ್ಲ.

ಗುಬ್ಬಿಗೆ ಹೋಗಿ ಅವರ ಹೆಂಡತಿಗೆ ಎಲ್ಲ ಹೇಳಿದೆ. ಅವರು ಹೂ ಕಟ್ಟುತ್ತಾ ಕೇಳಿದರು, ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಇದ್ನ ನಂಗ್ಯಾಕೆ ಸಾರ್ ಹೇಳ್ತೀರಿ? ನಾನೇನ್ ಅವ್ರನ್ನ ಕೆಲ್ಸದಿಂದ ತೆಗ್ದಿದ್ನಾ?" ಎಂದರು. ಇನ್ನೊಂದು ಹೂ ಎತ್ತಿಕೊಂಡು, "ಒಂದಿನ ನಿಮ್ ಕಾಲೇಜಲ್ಲಿ ಓದಿದ್ ಹುಡ್ಗ ಒಬ್ಬ ಅಂಗ್ಡಿ ಮುಂದೆ ನಿಂತ್ಕಂಡು, ಬೋರ್ಡ್ ಸುಟ್ಟಾಕಿದ್ ಮೇಷ್ಟ್ರು ಇವ್ರೇ ಕಣೋ ಅಂತ ಫ್ರೆಂಡಿಗೆ ತೋರ್ಸಿ ನಕ್ಕಿದ್ನಂತೆ. ಅವತ್ತು ಇವ್ರು ಊಟ ಬುಟ್ರು. ಆ ಬೋರ್ಡ್ ಸುಟ್ಟ ದಿನ ಅಲ್ಲಿದ್ರಲ್ಲ, ಅವ್ರಿಗೆ ಹೇಳಿ ಹೋಗಿ."

ಅಲ್ಲಿದ್ದವರಲ್ಲಿ ಹೆಚ್ಚಿನವರಿಗೆ ಕಾಲೇಜಿನ ಈ ಸ್ಮರಣ ಸಂಚಿಕೆ ತಲುಪುತ್ತದೆ. ಮೆಚ್ಚಿನ ಸಹೋದ್ಯೋಗಿಯೊಬ್ಬರ ಬಗ್ಗೆ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನಾನು ಒಪ್ಪಿದ್ದು ಅದಕ್ಕೇ. ಲ್ಯಾಬ್ ಮೇಷ್ಟ್ರು ಮಾಡಿದ ವೈರಿಂಗ್ ಸರಿಯಾಗಿತ್ತು. ಅದನ್ನು ಬಿಚ್ಚಿದವನು ನಾನು. ಬೇರೆ ಏನೇನು ತಪ್ಪಾಗಿ ನೆನಪಿಟ್ಟಿದ್ದೇನೋ ಗೊತ್ತಿಲ್ಲ, ಇದು ಮಾತ್ರ ಸರಿಯಾಗಿ ನೆನಪಿದೆ.