ಷಡ್ಡಕ ತಂದ ಜರ್ಮನಿಯ ಬಾಟಲಿ

ಲಿಂಗಸುಗೂರಿನ ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಏನಾದರೂ ಹಿಡಿದುಕೊಂಡು ಬಂದರೆ ನಾನು ಅವನ ಕೈ ನೋಡುವುದಿಲ್ಲ, ಮುಖ ನೋಡುತ್ತೇನೆ. ಒಮ್ಮೆ ಪೇಡೆ ತಂದವನು ಹೋಗುವಾಗ ನನ್ನ ಮೋಟರ್‌ಸೈಕಲ್ ಒಯ್ದ. ಅದು ತಿಂಗಳುಗಟ್ಟಲೆ ತಿರುಗಿ ಬರಲಿಲ್ಲ. ಇನ್ನೊಮ್ಮೆ ಮಾವಿನಹಣ್ಣಿನ ಬುಟ್ಟಿ ಕೊಟ್ಟು, ತನ್ನ ತಂಗಿಯ ಗಂಡನನ್ನು ನನ್ನ ಅಂಗಡಿಯಲ್ಲಿ ಕೆಲಸಕ್ಕೆ ಕೂರಿಸಿ ಹೋದ.

ಹೀಗಾಗಿ ಹೋದ ವರ್ಷ ಒಂದು ಭಾನುವಾರ ಅವನು ಸಿಂಧನೂರಿನ ನಮ್ಮ ಮನೆಗೆ ಟವೆಲ್ಲಿನಲ್ಲಿ ಸುತ್ತಿದ ಉದ್ದ ಕುತ್ತಿಗೆಯ ಬಾಟಲಿ ತಂದಾಗ ನನಗೆ ಖುಷಿಯಾಗಲಿಲ್ಲ.

"ಜರ್ಮನಿ ವೈನಪಾ, ಬಿಳೀದು. ನಾಕೈದು ಥರದ ದ್ರಾಕ್ಷಿ ಕೂಡಿಸಿ ಮಾಡ್ಯಾರ. ನಮ್ಮ ಫ್ಯಾಕ್ಟರ್ಯಾಗ ಮಷಿನ್ ಕುಂದರಸಾಕ ಬಂದಿದ್ದ ಜರ್ಮನ್ ಎಂಜಿನಿಯರ್ ಕೊಟ್ಟಾನ. ಖಾರದ ಕೂಡ ಛಲೋ ಅಕ್ಕೈತಂತ. ಬರೂ ದಾರ್ಯಾಗ ಮಸ್ಕಿ ಊರಾಗ ಮಿರ್ಚಿಭಜಿ ತಗೊಂಡೀನಿ, ನೀ ಮೀನ ತರ್ಸು."

ನನ್ನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಡುಪ್ಲಿಕೇಟ್ ಬೇರಿಂಗುಗಳನ್ನು ನೋಡಿ ನೋಡಿ ಕಣ್ಣು ಪಳಗಿದೆ. ಬಾಟಲಿಯನ್ನು ಬೆಳಕಿಗೆ ಹಿಡಿದೆ, ಮುಚ್ಚಳ ತಡವಿದೆ. ಸೀಲು ಒಡೆದಿರಲಿಲ್ಲ. ಅದನ್ನು ಫ್ರಿಜ್ಜಿನಲ್ಲಿ ಇಡಲು ಹೋದರೆ ಹೆಂಡತಿ, "ಮೊಸರಿನ ಬಾಜೂಕ ಇಡಬ್ಯಾಡ್ರಿ" ಎಂದವಳು ದನಿ ತಗ್ಗಿಸಿ, "ಅಕ್ಕನ್ನ ಬಿಟ್ಟು ಒಬ್ಬನ ಬಂದಾನ. ಏನೋ ಐತಿ" ಎಂದಳು.

ಮಧ್ಯಾಹ್ನ ಊಟಕ್ಕೆ ಕುಳಿತೆವು. ತುರ್ವಿಹಾಳದ ಕಡೆಯಿಂದ ಬಂದ ಮೀನು ಹುರಿದಾಗಿತ್ತು, ಜೊತೆಗೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಅವನು ನನಗೆ ಲೋಟದ ತುಂಬ ಸುರಿದು ತನಗೆ ಎರಡು ಬೆರಳಿನಷ್ಟು ಹಾಕಿಕೊಂಡ.

"ಮೊದಲ ನೀ ಕುಡಿ" ಎಂದೆ.

ಕುಡಿದ. ಮುಖದಲ್ಲಿ ಏನೂ ಬದಲಾಗಲಿಲ್ಲ. ನಾನು ಒಂದು ಗುಟುಕು ಕುಡಿದು ಮೀನು ಬಾಯಿಗಿಟ್ಟೆ. ಹೆಂಡತಿ ಉಪ್ಪು ಹಾಕುವುದನ್ನೇ ಮರೆತಿದ್ದಳು. ಅವನು ಮಾತ್ರ, "ಮೀನ ಭಾರಿ ಆಗ್ಯಾವು ನೋಡವಾ!" ಎಂದು ಅಡುಗೆಮನೆಯ ಕಡೆ ಕೂಗಿದ. ಉಪ್ಪಿಲ್ಲದ ಮೀನನ್ನು ಹೊಗಳುವವನು ಈ ಸಲ ಏನೋ ದೊಡ್ಡದನ್ನೇ ಕೇಳುತ್ತಾನೆ ಅನಿಸಿತು. ಪ್ರತಿ ತುತ್ತಿಗೂ ಅವನು ನನ್ನ ಬಾಯನ್ನೇ ನೋಡುತ್ತ, "ಹೆಂಗೈತಿ? ಇದರ ಕೂಡ ಹೆಂಗೈತಿ?" ಎಂದು ಕೇಳುತ್ತಿದ್ದ.

ನನಗೆ ತಡೆಯಲಾಗಲಿಲ್ಲ. "ಏನ ಬೇಕಾಗೈತಿ ನಿನಗ? ಸೀದಾ ಹೇಳಿಬಿಡು."

ಅವನು ಲೋಟ ಕೆಳಗಿಟ್ಟ. "ಜ್ವರ ಬಂದು ಹೋದಾಗಿಂದ ನನಗ ರುಚಿ ಇಲ್ಲ, ವಾಸನೀನೂ ಇಲ್ಲ. ಉಪ್ಪೂ ಒಂದ, ಬೆಲ್ಲಾನೂ ಒಂದ. ಆ ಎಂಜಿನಿಯರ್ ಮತ್ತ ಬರ್ತಾನ. ಹೆಂಗಿತ್ತು, ಯಾವುದರ ಕೂಡ ಉಂಡಿ ಅಂತ ಕೇಳ್ತಾನ. ಉಳಿದವರು ಸುಮ್ಮನ ಛಲೋ ಐತಿ ಅಂತಾರ. ನೀ ನನ್ನ ಮೆಚ್ಚಿಸಾಕ ಯಾವತ್ತೂ ಮಾತಾಡಿಲ್ಲ. ಅದಕ್ಕ ಬಂದೀನಿ. ಮನ್ಯಾಗ ಹೇಳಿಲ್ಲ."

ನಾನು ನಂಬಲಿಲ್ಲ. ಬಾಗಿಲ ಮರೆಯಲ್ಲಿದ್ದ ಹೆಂಡತಿಯೂ ನಂಬಲಿಲ್ಲ. ಆಗಲೇ ಅವಳು ಅಕ್ಕನಿಗೆ ಫೋನ್ ಹಚ್ಚಿ ಅವನ ಮಾತನ್ನೆಲ್ಲ ಹೇಳಿಯಾಗಿತ್ತು. ಆ ಕಡೆಯಿಂದ ಅಕ್ಕನ ದನಿ ನಮಗೂ ಕೇಳಿಸಿತು: "ಏನ ಮಾಡಿ ಹಾಕಿದ್ರೂ ಛಲೋ ಐತಿ ಅಂತಾನಲ್ಲ, ಎಲ್ಲಿ ಉಂಡು ಬರಾಕತ್ತಾನೋ, ಯಾರ ಮನ್ಯಾಗೋ ಅಂತ ನಾ ಒಳಗೊಳಗ ಕುದಿಯಾಕತ್ತಿದ್ದೆ!" ಬೈಯುತ್ತ ಬೈಯುತ್ತಲೇ ಅತ್ತಳು.

ಮೀನಿನ ಮೇಲೆ ಉಪ್ಪು ಉದುರಿಸಿಕೊಂಡು ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಇದ್ದದ್ದನ್ನು ಇದ್ದಂತೆ ಹೇಳಿದೆ. ಬರೇ ಕುಡಿದರೆ ತುಸು ಸಿಹಿ, ಹಿಂದೆ ಹಸಿ ಸೇಬಿನ ಹುಳಿ. ಮಿರ್ಚಿಯ ಖಾರ ನಾಲಿಗೆ ಸುಡುವಾಗ ಆ ಸಿಹಿ ಬಂದು ಸವರಿದಂತಾಗುತ್ತದೆ. ಹುರಿದ ಮೀನಿಗೆ ನಿಂಬೆ ಹಿಂಡುವುದೇ ಬೇಡ. ಪುಂಡಿಪಲ್ಯದ ಹುಳಿಯ ಮುಂದೆ ಅದು ಬರೀ ನೀರು. ಹೋಳಿಗೆ ತಿಂದು ಕುಡಿದರೆ ಕೆಟ್ಟ ಹುಳಿ.

ಅವನು ಕಣ್ಣು ಮುಚ್ಚಿ ಕೇಳಿದ. "ಮಿರ್ಚೀದು ಇನ್ನೊಮ್ಮೆ ಹೇಳು" ಎಂದ. ಇನ್ನೊಮ್ಮೆ ಹೇಳಿದೆ.

ಮುಂದಿನ ವಾರ ಅಕ್ಕನೇ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಈಗ ವಾಸನೆ ಸ್ವಲ್ಪ ಸ್ವಲ್ಪ ತಿರುಗಿ ಬರುತ್ತಿದೆಯಂತೆ. ಮೊದಲು ಬಂದದ್ದು ಒಗ್ಗರಣೆಯ ಇಂಗಿನದು. ಅದನ್ನು ಹೇಳಲಿಕ್ಕೆಂದೇ ಫೋನ್ ಮಾಡಿದ್ದ.