ಬಂಕರ್ ಉಜ್ಜನಪ್ಪನವರು

ಭಾನುವಾರ ಭದ್ರಾವತಿಯೆಲ್ಲ ಟಿವಿ ಮುಂದೆ ಕೂತಿದ್ದರೆ, ಪಕ್ಕದ ಮನೆಯ ಉಜ್ಜನಪ್ಪನವರು ಟಾರ್ಚು, ಕೋಲು, ಚಿತ್ರಾನ್ನದ ಡಬ್ಬಿ ಹಿಡಿದು ಶಂಕರಘಟ್ಟದ ಕಾಡಿಗೆ ಹೊರಡುತ್ತಾರೆ, ಮಿಲಿಟರಿಯವರು ಬಿಟ್ಟುಹೋದ ಪಾಳು ಬಂಕರುಗಳನ್ನು ನೋಡಲು. ಬೀದಿಯ ಮಕ್ಕಳೆಲ್ಲ ಅವರ ಹಿಂದೆ, ನನ್ನ ಮಗಳು ಮೈತ್ರಿಯೂ. "ಒಳಗೆ ಹಾವಿದ್ರೆ?" ಎಂದು ನಾನು ಕೇಳಿದರೆ, "ನನ್ನ ಕೆಮ್ಮು ಕೇಳಿದ್ರೆ ಹಾವು ಭದ್ರಾ ಹೊಳೆ ದಾಟುತ್ತೆ ಮಾರಾಯ್ತಿ!" ಎನ್ನುತ್ತಾರೆ. ಖಾಲಿ ಬಂಕರಿಗೂ ಚಪ್ಪಲಿ ಬಿಟ್ಟೇ ಹೋಗುತ್ತಾರಂತೆ. ಹೊರಬರುವಾಗ ಗೋಡೆಗೆ "ಬರ್ತೀವಪ್ಪಾ" ಎನ್ನುತ್ತಾರಂತೆ. ಹೋದ ವಾರ ಮೈತ್ರಿ ಗೇಟಿನಲ್ಲಿ "ಹೋಗ್ತೀನಮ್ಮಾ" ಎಂದಳು. ಅವರು ನಿಂತುಬಿಟ್ಟರು. "ಬರ್ತೀನಿ ಅನ್ನು ಪುಟ್ಟಿ. ನಮ್ಮಣ್ಣ ಮಿಲಿಟರಿಗೆ ಹೊರಟಾಗ ರೈಲಿನ ಅವಸರದಲ್ಲಿ ಹೋಗ್ತೀನಿ ಅಂದ್ಬಿಟ್ಟ. ಇನ್ನೂ ಬಂದಿಲ್ಲ." ಮೈತ್ರಿ "ಬರ್ತೀನಿ" ಎಂದಳು. ನನಗೆ ಸಾಲಲಿಲ್ಲ, ಇನ್ನೆರಡು ಸಲ ಹೇಳಿಸಿದೆ.