ಸೊಲಾಂಜ್ ಬಡಿಸಿದ ಮೂರನೇ ಶೀಸೆ

ಪೆಗರಿಗ್ ಊರಿನ ದ್ರಾಕ್ಷಿ ಬೆಳೆಗಾರರ ಸಹಕಾರಿ ಸಂಘದಲ್ಲಿ ಸೊಲಾಂಜ್ ಕಬಾನೆಲ್ ಹತ್ತೊಂಬತ್ತು ವರ್ಷದಿಂದ ಅಡುಗೆ ಮಾಡುತ್ತಿದ್ದಳು. ಕೊಯ್ಲಿನ ಮೂರು ವಾರ ಅರವತ್ತು ಜನಕ್ಕೆ, ಉಳಿದ ದಿನಗಳಲ್ಲಿ ಸಭೆ ಸೇರಿದವರಿಗೆ. ಗುಡ್ಡದ ಮೇಲೆ ಅವಳಿಗೆ ಅಪ್ಪ ಬಿಟ್ಟುಹೋದ ಎರಡು ಹೆಕ್ಟೇರ್ ತೋಟವೂ ಇತ್ತು. ಬರೀ ಕಲ್ಲುನೆಲ. ಅಪ್ಪ ಹೇಸರಗತ್ತೆ ಕಟ್ಟಿ ಉತ್ತು ನೆಟ್ಟ ಕಾರಿನ್ಯಾನ್ ಬಳ್ಳಿಗಳು. ಆ ತಳಿ ಒರಟು, ಅದನ್ನು ಕಿತ್ತು ಸಿರಾ ಹಾಕಬೇಕೆಂದು ಊರೆಲ್ಲ ಹೊರಟಿದ್ದ ಕಾಲವದು. ಕೀಳಿಸಿದವರಿಗೆ ಸರ್ಕಾರ ಪರಿಹಾರವನ್ನೂ ಕೊಡುತ್ತಿತ್ತು. ಸೊಲಾಂಜ್ ಕೀಳಿಸಲಿಲ್ಲ. ಪ್ರತಿ ಜನವರಿಯಲ್ಲೂ ಸೊಂಟ ಬಗ್ಗಿಸಿ ಒಂದೊಂದು ಬಳ್ಳಿಯನ್ನೂ ತಾನೇ ಕತ್ತರಿಯಿಂದ ಸವರುತ್ತಿದ್ದಳು.

ಎಂಬತ್ತಾರರ ಫೆಬ್ರವರಿಯಲ್ಲಿ ಸಂಘ ಒಂದು ದೊಡ್ಡ ನಿರ್ಧಾರಕ್ಕೆ ಬಂತು. ಅದುವರೆಗೆ ಪೆಗರಿಗ್‌ನ ವೈನ್ ಹೆಸರಿಲ್ಲದೆ ಟ್ಯಾಂಕರ್ ಹತ್ತಿ ಹೋಗುತ್ತಿತ್ತು. ಈ ವರ್ಷ ಊರಿನ ಹೆಸರು ಹಾಕಿ ಶೀಸೆಗೆ ತುಂಬಬೇಕು. ಗ್ರೆನಾಶ್, ಸಿರಾ, ಕಾರಿನ್ಯಾನ್ ಮೂರೂ ತಳಿಗಳ ವೈನನ್ನು ಯಾವ ಪ್ರಮಾಣದಲ್ಲಿ ಬೆರೆಸುವುದೆಂದು ಹೇಳಲು ನಾರ್ಬೋನ್ ಪಟ್ಟಣದಿಂದ ಬೆರ್ತ್ರಾಂ ಎಂಬ ತಜ್ಞ ಬಂದ. ಅವನು ಗಾಜಿನ ಕೊಳವೆಯಲ್ಲಿ ಅಳೆದು ಮೂರು ಬಗೆಯ ಬೆರಕೆ ಮಾಡಿ ಮೂರು ಶೀಸೆಗಳನ್ನು ಸಾಲಾಗಿ ಇಟ್ಟ. ಬೆಳಗಿನ ಹನ್ನೊಂದಕ್ಕೆ ಸಂಘದ ರುಚಿ ನೋಡುವ ಮಂಡಳಿಯ ಏಳು ಗಂಡಸರು ನಿಂತುಕೊಂಡೇ ವೈನನ್ನು ಬಾಯಲ್ಲಿ ಮುಕ್ಕಳಿಸಿ ಉಗಿದು, ಸಿರಾ ಹೆಚ್ಚಿದ್ದ ಮೊದಲನೆಯದೇ ಸರಿ ಎಂದರು.

ಸೊಲಾಂಜ್ ಬ್ರೆಡ್ ಬುಟ್ಟಿ ತಂದಿಟ್ಟಳು. ಅಧ್ಯಕ್ಷ ಅಶಿಲ್ ವಿದಾಲ್ ಅವಳ ಜೊತೆಯಲ್ಲೇ ಶಾಲೆಗೆ ಹೋದವನು.

"ನೀನೂ ಒಂದು ಗುಟುಕು ಹಾಕು ಸೊಲಾಂಜ್. ಮೂರನೇದು ಮಾತ್ರ ಮುಟ್ಬೇಡ, ನಾಲಿಗೆ ಕಿತ್ಕೊಂಡು ಹೋಗತ್ತೆ" ಎಂದ.

ಅವಳು ಮೂರನೆಯದನ್ನೇ ಮೂಸಿದಳು. ಅದರಲ್ಲಿ ಅರ್ಧಕ್ಕರ್ಧ ಕಾರಿನ್ಯಾನ್. ಅದರ ಪರಿಮಳ ಅವಳಿಗೆ ಅಪ್ಪನ ಅಂಗಿಯಷ್ಟೇ ಪರಿಚಿತ.

"ಖಾಲಿ ಹೊಟ್ಟೇಲಿ ನಿಂತ್ಕೊಂಡು ಇದನ್ನ ಯಾರು ಕುಡೀತಾರೆ ಅಶಿಲ್? ಊಟದ ಜೊತೆ ಕುಡಿಯೋದಲ್ವಾ? ಕೂತು ಉಣ್ಣಿ, ಆಮೇಲೆ ಹೇಳಿ."

"ಇದು ಅಡುಗೆಮನೆ ವಿಷಯ ಅಲ್ಲಮ್ಮ" ಎಂದ ಬೆರ್ತ್ರಾಂ.

"ಮತ್ತೆ ಇನ್ನೆಲ್ಲಿಯ ವಿಷಯ? ಜನ ನಿಮ್ಮ ಗಾಜಿನ ಕೊಳವೇಲಿ ಊಟ ಮಾಡ್ತಾರಾ?"

ಏಳೂ ಜನ ನಕ್ಕರು. ಬೆರ್ತ್ರಾಂನ ಕಿವಿ ಕೆಂಪಾಯಿತು. ಆದರೂ ಊಟದ ಹೊತ್ತಾಗಿತ್ತು, ಒಳಗಿನಿಂದ ಬೆಳ್ಳುಳ್ಳಿಯ ಘಮ ಬರುತ್ತಿತ್ತು. ಎಲ್ಲರೂ ಕೂತರು.

ಭಾನುವಾರದ ಬೇಟೆಯ ಕಾಡುಹಂದಿಯನ್ನು ಅವಳು ಎರಡು ದಿನ ಕೆಂಪು ವೈನಿನಲ್ಲಿ ನೆನೆಸಿ, ಕಪ್ಪು ಆಲಿವ್, ಗುಡ್ಡದ ಥೈಮ್ ಸೊಪ್ಪು ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿದ್ದಳು. ಮೂರು ಶೀಸೆಗೂ ಅಡುಗೆಮನೆಯ ಬಟ್ಟೆ ಸುತ್ತಿ, ಅದಲುಬದಲು ಮಾಡಿ, ಒಬ್ಬೊಬ್ಬರ ಮುಂದೆಯೂ ಅದೇ ಸಾಲಿನಲ್ಲಿ ಮೂರು ಲೋಟ ತುಂಬಿಟ್ಟಳು. ಏಪ್ರನ್ನಿಗೆ ಕೈ ಒರೆಸಿಕೊಂಡು ಒಲೆಯ ಪಕ್ಕ ನಿಂತಳು.

ಎಲ್ಲರೂ ಉಣ್ಣುತ್ತ ಮೂರು ಲೋಟಗಳನ್ನೂ ಒಂದೊಂದಾಗಿ ಕುಡಿದು ನೋಡಿದರು. ಆಮೇಲೆ ಅಶಿಲ್ ಒಂದು ಲೋಟವನ್ನು ದೂರ ತಳ್ಳಿದ. "ಮಾಂಸದ ಮುಂದೆ ಇದು ಸಪ್ಪೆ ನೀರು." ಇನ್ನೊಂದನ್ನು ಖಾಲಿ ಮಾಡಿ ಮತ್ತೆ ಚಾಚಿದ. "ಇದನ್ನ ಹಾಕು. ಕೊಬ್ಬನ್ನ ಸೀಳ್ಕೊಂಡು ಇಳಿಯತ್ತೆ."

ಸೊಲಾಂಜ್ ಶೀಸೆಗಳ ಬಟ್ಟೆ ಬಿಚ್ಚಿದಳು. ತಳ್ಳಿದ್ದು ಮೊದಲನೆಯದು, ಬೇಡಿದ್ದು ಮೂರನೆಯದು. ಉಳಿದ ಆರು ಮಂದಿಯಲ್ಲಿ ಐವರದೂ ಅದೇ ಆಯ್ಕೆ.

ಬೆರ್ತ್ರಾಂ ಚಮಚ ಕೆಳಗಿಟ್ಟ. "ಹನ್ನೆರಡು ವರ್ಷದಿಂದ ರುಚಿ ನೋಡ್ತಿದೀನಿ. ಹೀಗೆ ಉಣ್ಣಿಸಿ ಕೇಳಿದವರು ನೀವೊಬ್ರೇ" ಎಂದ. ಹೇಳಿ, ಇನ್ನೊಂದು ಸಲ ಬಡಿಸಿಕೊಂಡ.

ಗೆದ್ದೆ ಎಂದು ಅವಳು ಅಷ್ಟಕ್ಕೇ ಬಿಡಲಿಲ್ಲ. ಮೇಕೆಹಾಲಿನ ಚೀಸ್ ತಂದು, ಅದರ ಜೊತೆಗೂ ಕುಡಿಯಿರಿ ಎಂದಳು. ಈ ಸಲ ಮೂರನೆಯದು ಬಾಯಿ ಒಗರು ಮಾಡಿತು.

"ನೋಡಿದ್ರಾ, ಕಚ್ಚತ್ತೆ. ಗ್ರೆನಾಶ್ ಇನ್ನೊಂಚೂರು ಸೇರಬೇಕು."

ಊಟದ ಮೇಜಿನ ಮೇಲೇ ಬೆರ್ತ್ರಾಂ ಅಳೆದು ಹುಯ್ದ, ಅವಳು ಕುಡಿದಳು. ನಾಲ್ಕನೇ ಸಲಕ್ಕೆ ಸರಿ ಎಂದು ತಲೆ ಆಡಿಸಿದಳು. ಆ ಬೆರಕೆಯೇ ಪೆಗರಿಗ್ ಹೆಸರಿನಲ್ಲಿ ಶೀಸೆಗೆ ಹೋಯಿತು. ಆಗಸ್ಟ್ ಹೊತ್ತಿಗೆ ಒಂದು ಶೀಸೆಯೂ ಉಳಿದಿರಲಿಲ್ಲ. ಕಾರಿನ್ಯಾನ್ ತೋಟ ಕೀಳಿಸಲು ಅರ್ಜಿ ಹಾಕಿದ್ದ ಇಬ್ಬರು ಅರ್ಜಿ ವಾಪಸು ಪಡೆದರು.

ಮುಂದಿನ ವರ್ಷ ಸಂಘ ಅವಳನ್ನು ರುಚಿ ನೋಡುವ ಮಂಡಳಿಗೆ ಸೇರಿಸಿಕೊಂಡಿತು. ಆ ಮಂಡಳಿಗೆ ಬಂದ ಮೊದಲ ಹೆಂಗಸು ಅವಳು. ಪುಸ್ತಕದಲ್ಲಿ ಹೆಸರು ಬರೆಯುತ್ತ ಅಶಿಲ್, "ಉದ್ಯೋಗ ಅಂತ ಏನು ಬರೀಲಿ? ಬೆಳೆಗಾರ್ತಿ ಅಂತ ಹಾಕಿದ್ರೆ ಗೌರವವಾಗಿರತ್ತೆ" ಎಂದ.

"ಅಡುಗೆಯವಳು ಅಂತ ಬರಿ. ದಪ್ಪಗೆ ಬರಿ."

ಇಪ್ಪತ್ತೆರಡು ವರ್ಷ ಅವಳು ಮಂಡಳಿಯ ಮೇಜಿನ ಮುಖ್ಯ ಕುರ್ಚಿಯಲ್ಲಿ ಕೂತಳು, ಏಪ್ರನ್ ಬಿಚ್ಚದೆ. ಎಲ್ಲ ಸಲವೂ ಅವಳ ಮಾತೇ ಸರಿಯಾಗಿರಲಿಲ್ಲ. ಮೂರ್ವೆದ್ರ್ ಎಂಬ ತಳಿಯನ್ನು ಬೆರಕೆಗೆ ಸೇರಿಸಲು ಬೆರ್ತ್ರಾಂ ಕೇಳಿದಾಗ, ಚರ್ಮದ ವಾಸನೆ ಎಂದು ಮೂರು ವರ್ಷ ಬೇಡವೆಂದಳು. ನಾಲ್ಕನೇ ವರ್ಷ ಅವನು ಒಂದು ಪಾತ್ರೆ ಹೊತ್ತು ಬಂದ, ತಾನೇ ಬಾತುಕೋಳಿಯನ್ನು ಬಿಳಿ ಬೀನ್ಸ್ ಜೊತೆ ಬೇಯಿಸಿದ್ದ. ಅವಳು ಉಂಡಳು, ಜೊತೆಗೆ ಅವನು ತಂದಿದ್ದ ಮೂರ್ವೆದ್ರ್ ಕುಡಿದಳು, ಲೋಟವನ್ನು ಮತ್ತೆ ಚಾಚಿದಳು.

"ಮೂರ್ವೆದ್ರ್ ಹಾಕಿ. ಬಾತುಕೋಳಿಗೆ ಉಪ್ಪು ಮಾತ್ರ ಕಡಿಮೆಯಾಗಿದೆ" ಎಂದಳು.